ಲೆಕ್ಚರ್ ಇಲ್ಲದೆ ಪಿಬಿಎಲ್ ನಂಬಿ ಫಾರ್ಮ್‌ಡಿ ಪಾಸಾಗಬಹುದಾ?

ಫಾರ್ಮ್‌ಡಿಯಲ್ಲಿ (ಫಾರ್ಮಸಿಯ ಡಾಕ್ಟರ್ ಪದವಿ) ಥೆರಪ್ಯೂಟಿಕ್ಸ್, ಅಂದರೆ ಯಾವ ಕಾಯಿಲೆಗೆ ಯಾವ ಔಷಧಿ ಅನ್ನುವ ವಿಷಯವನ್ನು ಪಿಬಿಎಲ್‌ನಲ್ಲಿ (ಪ್ರಾಬ್ಲಂ ಬೇಸ್ಡ್ ಲರ್ನಿಂಗ್) ಮಾಡುತ್ತಾರಂತೆ, ಲೆಕ್ಚರ್ ಕಡಿಮೆಯಂತೆ, ಪರೀಕ್ಷೆಗೆ ಸಾಕಾಗುತ್ತಾ ಅಂತ ಕೇಳಿದ್ದೀರಿ. ನಾನು ಅದೇ ದಾರಿಯಲ್ಲಿ ಬಂದವಳು. ಪಾಸಾಗಬಹುದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಪಿಬಿಎಲ್‌ನಲ್ಲಿ ಮೊದಲು ರೋಗಿಯ ಸಮಸ್ಯೆ ಕೊಡುತ್ತಾರೆ, ಥಿಯರಿಯನ್ನು ನಾವೇ ಹುಡುಕಿ ಓದಬೇಕು. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ಕ್ರಮ ಇದು. ನಮ್ಮಲ್ಲಿ ಫಾರ್ಮ್‌ಡಿ ಬಂದದ್ದೇ 2008ರಲ್ಲಿ. ಪರೀಕ್ಷೆ ಮಾತ್ರ ಹಳೇ ಥರದ್ದೇ: ಬರೆಯುವುದಕ್ಕೆ 70, ಇಂಟರ್ನಲ್ಸ್‌ಗೆ 30.

ನಮಗೆ ಕೊಟ್ಟ ಒಂದು ಕೇಸ್ ಹೇಳುತ್ತೇನೆ. ಅರವತ್ತು ದಾಟಿದ ರೈತ. ಸಕ್ಕರೆ ಕಾಯಿಲೆ, ಹಾರ್ಟ್ ಫೇಲ್ಯೂರ್ ಎರಡೂ ಇದೆ. ಕಾಲಲ್ಲಿ ಶಕ್ತಿಯೇ ಇಲ್ಲ ಅಂತ ಆಸ್ಪತ್ರೆಗೆ ಬಂದಿದ್ದಾರೆ. ರಕ್ತದಲ್ಲಿ ಪೊಟ್ಯಾಸಿಯಂ 6.3, ಅದು 5ರ ಆಸುಪಾಸು ದಾಟಬಾರದು. ಹಾರ್ಟಿಗೆ ಅಂತ ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ನುಂಗುತ್ತಿದ್ದಾರೆ. ಎರಡೂ ಪೊಟ್ಯಾಸಿಯಂ ಏರಿಸುವ ಔಷಧಿಗಳೇ, ಮುಗೀತಲ್ವಾ? ಮೇಡಂ ಕೇಳಿದರು: "ಎರಡು ವರ್ಷದಿಂದ ಇದೇ ಡೋಸ್. ಈಗಲೇ ಯಾಕೆ ಏರಿತು?"

ಎಲ್ಲರೂ ಗಪ್‌ಚುಪ್. ಕೇಸಿನ ವಿವರ ಒಂದೊಂದೇ ಹಾಳೆಯಲ್ಲಿ ಕೊಡುತ್ತಾರೆ, ಸರಿಯಾದದ್ದನ್ನು ಕೇಳಿದರೆ ಮಾತ್ರ ಮುಂದಿನ ಹಾಳೆ. ಯಾರೋ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ಕೇಳಿದರು, 2.1 ಅಂತ ಬಂತು, ಜಾಸ್ತಿಯೇ. ಕಿಡ್ನಿ ಸೋತಿದೆ, ಸರಿ, ಯಾಕೆ? ಅಲ್ಲಿಯವರೆಗೆ ಬಾಯೇ ಬಿಡದ ಮಂಡ್ಯ ಕಡೆಯ ಹುಡುಗ ಕನ್ನಡದಲ್ಲೇ ಕೇಳಿದ: "ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಏನಾದ್ರೂ ಮಾತ್ರೆ ತಗೊಳ್ತಿದ್ರಾ ಮೇಡಂ? ಎಳನೀರು ಜಾಸ್ತಿ ಕುಡೀತಿದ್ರಾ?" ಎರಡೂ ಕೊನೆಯ ಹಾಳೆಯಲ್ಲಿತ್ತು. ಚೀಟಿ ಇಲ್ಲದೆ ಕೊಂಡ ನೋವಿನ ಮಾತ್ರೆ ಡೈಕ್ಲೋಫೆನ್ಯಾಕ್, ಬೇಸಿಗೆ ಅಂತ ದಿನಾ ಎಳನೀರು.

ಆಮೇಲೆ ಬೋರ್ಡ್ ಮೇಲೆ ಕಿಡ್ನಿ ಬರೆದುಕೊಂಡು ಕೂತೆವು. ಒಳಗೆ ರಕ್ತ ತರುವ ನಾಳವನ್ನು ಡೈಕ್ಲೋಫೆನ್ಯಾಕ್ ಬಿಗಿ ಮಾಡುತ್ತದೆ. ಹೊರಗೆ ಒಯ್ಯುವ ನಾಳವನ್ನು ಎನಲಾಪ್ರಿಲ್ ಸಡಿಲ ಮಾಡುತ್ತದೆ. ಸೋಸುವ ಒತ್ತಡ ಇಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುವುದಿಲ್ಲ. ಅದರ ಮೇಲೆ ಎಳನೀರಿನ ಪೊಟ್ಯಾಸಿಯಂ ಬೇರೆ! ಅಂದಿನಿಂದ ಮೇಡಂ ಚರ್ಚೆ ಕನ್ನಡದಲ್ಲೇ ಇರಲಿ, ಬರೆಯುವಾಗ ಇಂಗ್ಲಿಷ್ ಸಾಕು ಅಂದರು. ಕನ್ನಡ ಮೀಡಿಯಂನಿಂದ ಬಂದವರು ಮಾತಾಡಲು ಶುರು ಮಾಡಿದ್ದೇ ಆಗ. ನಿಮ್ಮಲ್ಲೂ ಹೀಗೆ ಕೇಳಿ ನೋಡಿ.

ಎಲ್ಲ ಕೇಸೂ ಹೀಗೆ ನಡೆಯಲಿಲ್ಲ ಅನ್ನಿ. ಜಾಸ್ತಿ ಸಲ ಆಗುತ್ತಿದ್ದದ್ದು ಇಷ್ಟು: ಟಾಪಿಕ್‌ಗಳನ್ನು ವಾಟ್ಸಾಪ್‌ನಲ್ಲಿ ಹಂಚಿಕೊಳ್ಳುವುದು, ಹಿಂದಿನ ರಾತ್ರಿ ಪ್ರಿಂಟ್ ತೆಗೆಯುವುದು, ಬಂದು ಸುಮ್ನೆ ಓದಿ ಹೇಳುವುದು. ಇನ್ಸುಲಿನ್ ಪಾಲು ಬಂದವನಿಗೆ ಇನ್ಸುಲಿನ್ ಮಾತ್ರ ಗೊತ್ತು. ವೈವಾದಲ್ಲಿ ಮೆಟ್‌ಫಾರ್ಮಿನ್ ಕೇಳಿದರೆ ಮುಖ ಮುಖ ನೋಡುತ್ತಾನೆ. ಇಬ್ಬರು ಮಾತಾಡುತ್ತಾರೆ, ಉಳಿದವರು ಅಟೆಂಡೆನ್ಸ್‌ಗೆ ಬಂದವರು. ಕೇಸ್ ಓದದೆ ಬರುವ ಮೇಷ್ಟ್ರಾದರೆ ಇನ್ನೂ ಕಷ್ಟ, ಕೊನೆಗೆ ಅವರೇ ಲೆಕ್ಚರ್ ಶುರು ಮಾಡಿಬಿಡುತ್ತಾರೆ.

ಹಾಗಾಗಿ ಟಾಪಿಕ್ ಹಂಚಿಕೊಳ್ಳಬೇಡಿ. ಎಲ್ಲರೂ ಎಲ್ಲವನ್ನೂ ಓದಿ ಬನ್ನಿ, ಹೊರೆ ಅನಿಸಿದರೂ. ಕೇಸ್ ಮುಗಿದ ವಾರವೇ ಹಳೇ ಪ್ರಶ್ನೆಪತ್ರಿಕೆಯಿಂದ ಅದೇ ಕಾಯಿಲೆಯ ದೊಡ್ಡ ಪ್ರಶ್ನೆಯೊಂದನ್ನು ಪುಸ್ತಕ ಮುಚ್ಚಿ ಬರೆಯಿರಿ. ಚರ್ಚೆಯಲ್ಲಿ ಎಷ್ಟೇ ಚುರುಕಾಗಿದ್ದರೂ ಡೋಸು, ವರ್ಗೀಕರಣ, ಅಡ್ಡಪರಿಣಾಮಗಳನ್ನು ಬಾಯಿಪಾಠ ಮಾಡದೆ ಆ 70ರಲ್ಲಿ ಅಂಕ ಬರುವುದಿಲ್ಲ.

ನಿಮ್ಮ ಸೀನಿಯರ್‌ಗಳನ್ನು ಒಂದು ಮಾತು ಕೇಳಿ: ಕೇಸಿನ ಹಾಳೆಗಳನ್ನು ಒಟ್ಟಿಗೆ ಕೊಡುತ್ತಾರಾ, ಕೇಳಿದ ಮೇಲೆ ಒಂದೊಂದಾಗಿ ಕೊಡುತ್ತಾರಾ? ಒಟ್ಟಿಗೆ ಕೊಡುವುದಾದರೆ ಅದು ಹೆಸರಿಗಷ್ಟೇ ಪಿಬಿಎಲ್. ಆಗ ಮೊದಲ ದಿನದಿಂದಲೇ ಸ್ವಂತ ನೋಟ್ಸ್ ಮಾಡಿಕೊಳ್ಳುವುದು ವಾಸಿ.