ಸಪ್ಪೆ ಬೀಯರ್‌ಗೆ ಮತ್ತಷ್ಟು ಹಾಪ್ಸ್ ಸುರಿಯಬೇಡಿ

ಪ್ರಶ್ನೆ: ಸುರತ್ಕಲ್ ಕಡೆಯವನು, ಮೈಕ್ರೋಬ್ರೂವರಿಯಲ್ಲಿ ಹೊಸದಾಗಿ ಸೇರಿದ್ದೇನೆ. 20 ಲೀಟರ್‌ನ ಟ್ರಯಲ್‌ಗೆ 20 ಗ್ರಾಂ ಮ್ಯಾಗ್ನಮ್ ಹಾಪ್ಸ್ (ಬೀಯರಿಗೆ ಕಹಿ ಕೊಡುವ ಬಳ್ಳಿಯ ಹೂವು) ಹಾಕಿದರೂ ಕಹಿಯೇ ಇಲ್ಲ. 40 ಗ್ರಾಂ ಮಾಡಲಾ?

ಮಾರಾಯ್ರೆ, ಎಷ್ಟು ಹಾಕಿದಿರಿ ಅಂತ ಎಲ್ಲರೂ ಬರೆಯುತ್ತೀರಿ. ಯಾವಾಗ ಹಾಕಿದಿರಿ ಅಂತ ಒಬ್ಬರೂ ಬರೆಯುವುದಿಲ್ಲ! ಈ ತಿಂಗಳು ಇದು ಮೂರನೇ ಪತ್ರ.

ಮ್ಯಾಗ್ನಮ್ ಜರ್ಮನಿಯ ಹ್ಯೂಲ್ ಸಂಶೋಧನಾ ಕೇಂದ್ರದ ತಳಿ. ಅದನ್ನು ಬೆಳೆಸಿದ್ದೇ ಕಹಿಗಾಗಿ. ಆದರೆ ಅದರೊಳಗಿನ ಕಹಿಯ ಮೂಲವಾದ ಆಲ್ಫಾ ಆಮ್ಲ ವರ್ಟ್‌ನಲ್ಲಿ (ಹುದುಗುವ ಮುಂಚಿನ ಮಾಲ್ಟ್ ರಸ) ಸರಿಯಾಗಿ ಕರಗುವುದಿಲ್ಲ. ಕುದಿಯುತ್ತಾ ರೂಪ ಬದಲಿಸಿದ ಮೇಲೆಯೇ ಅದು ಬೀಯರ್‌ನಲ್ಲಿ ಉಳಿಯುವ ಕಹಿ. ಕಷಾಯದ ಹಾಗೆ ಕುದಿಸಬೇಕಾದ್ದನ್ನು ನೀವು ಒಗ್ಗರಣೆ ಹಾಗೆ ಕೊನೆಗೆ ಹಾಕಿರುತ್ತೀರಿ, ಅಲ್ವಾ?

ಲೆಕ್ಕ ಹಾಕಿ. ಪೊಟ್ಟಣದ ಮೇಲೆ ಆಲ್ಫಾ 12% ಅಂತಿದ್ದರೆ 20 ಗ್ರಾಂನಲ್ಲಿ 2,400 ಮಿ.ಗ್ರಾಂ. ಲೀಟರಿಗೆ 120. ಒಂದು ಗಂಟೆ ಚೆನ್ನಾಗಿ ಕುದಿಸಿದರೆ ಅದರಲ್ಲಿ ಸುಮಾರು ಕಾಲುಭಾಗ ದಕ್ಕುತ್ತದೆ, ಅಂದರೆ 30 ಐಬಿಯು (ಬೀಯರಿನ ಕಹಿ ಅಳೆಯುವ ಮಾನ). ಹತ್ತೇ ನಿಮಿಷ ಕುದಿಸಿದರೆ ಆ 30ರ ಸುಮಾರು ಮೂರನೇ ಒಂದು ಪಾಲು. ಹಾಗಾಗಿ 20 ಗ್ರಾಂ ಸಾಕು, ಕುದಿ ಶುರುವಾದಾಗಲೇ ಹಾಕಿ. ಆಲ್ಫಾ ಪ್ರತಿ ಬೆಳೆಗೂ ಬದಲಾಗುತ್ತದೆ. ಹಳೇ ಪೊಟ್ಟಣದ ಅಂಕೆ ನೆನಪಿಟ್ಟು ಹೊಸದನ್ನು ತೂಗಬೇಡಿ.

ಒಂದು ಗಂಟೆ ಕುದಿಸಿಯೂ ಸಪ್ಪೆಯಾದರೆ ಪೊಟ್ಟಣವನ್ನು ಎಲ್ಲಿಟ್ಟಿದ್ದೀರಿ ನೋಡಿ. ಒಂದು ಪೆಲೆಟ್ (ಹಾಪ್ಸ್ ಒತ್ತಿ ಮಾಡಿದ ಗುಳಿಗೆ) ಬೆರಳಲ್ಲಿ ಪುಡಿ ಮಾಡಿ. ಹಸಿರಾಗಿ, ಕೈಗೆ ಅಂಟಿದರೆ ಸರಿ. ಕಂದು ತಿರುಗಿ ಹಳೇ ಚೀಸ್ ವಾಸನೆ ಹೊಡೆದರೆ ಎಸೆಯಿರಿ. ನಮ್ಮ ಸೆಕೆಯಲ್ಲಿ ಬಾಯಿ ತೆರೆದ ಪೊಟ್ಟಣ ಕಪಾಟಿನಲ್ಲಿಡುವುದು ಸುಮ್ನೆ ದುಡ್ಡು ದಂಡ. ಗಾಳಿ ತೆಗೆದು ಫ್ರೀಜರ್‌ನಲ್ಲಿಡಿ. ಮಳೆಗಾಲದಲ್ಲಿ ಕರೆಂಟು ಹೋಗುತ್ತಲೇ ಇರುತ್ತದೆ, ನಾನಂತೂ ಜಾಸ್ತಿ ತರಿಸುವುದೇ ಇಲ್ಲ.

ಪ್ರಶ್ನೆ: ಹಾಪ್ಸ್ ಬದಲು ಹಾಗಲಕಾಯಿ?

ಪಲ್ಯ ಮಾಡಿ.

ಪ್ರಶ್ನೆ: ಉಡುಪಿಯಲ್ಲಿ ಹಾಪ್ಸ್ ಬಳ್ಳಿ ಬೆಳೆಯಬಹುದೇ?

ಅದಕ್ಕೆ ಬೇಸಿಗೆಯಲ್ಲಿ ಉದ್ದದ ಹಗಲು ಬೇಕು. ಕಾಳುಮೆಣಸು ಹಬ್ಬಿಸಿ.

ಪ್ರಶ್ನೆ: ಕಹಿ ಬೀಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದಂತೆ?

ಹಾಗೆ ಹೇಳಿದವರ ಹತ್ತಿರ ಇನ್ನು ಮದ್ದು ಕೇಳಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಮನೆಯಲ್ಲೇ ಮಾಡಲು ರೆಸಿಪಿ ಕೊಡಿ.

ಕೊಡುವುದಿಲ್ಲ. ಪರವಾನಗಿ ಇಲ್ಲದೆ ಮಾಡುವುದು ಅಪರಾಧ.

ಪ್ರಶ್ನೆ: ಬೆಂದ ಹಾಪ್ಸ್ ಚರಟ ತೆಂಗಿನ ಬುಡಕ್ಕೆ ಹಾಕಬಹುದಾ?

ಹಾಕಿ, ಆದರೆ ಆಳವಾಗಿ ಹೂತು ಮಣ್ಣು ಮುಚ್ಚಿ. ನಾಯಿ ತಿಂದರೆ ಮೈ ಕಾವೇರಿ ಸಾಯಲೂಬಹುದು. ಮನೆಯಲ್ಲಿ ನಾಯಿ ಇದ್ದರೆ ತೋಟಕ್ಕೆ ತರಲೇಬೇಡಿ.