ಓದುಗರ ಪ್ರಶ್ನೆ: ಹಡೂಪ್ ಲೇಖನ ತಿದ್ದುವಾಗ

*ಕನ್ನಡ ವಿಕಿಪೀಡಿಯಕ್ಕೆಂದು ಎಚ್‌ಡಿಎಫ್‌ಎಸ್ ಬಗ್ಗೆ ಎರಡು ಪುಟದ ಕರಡು ಬರೆದಿದ್ದೇವೆ. ಮೊದಲ ಸಾಲು ಹೀಗಿದೆ: 'ಹಡೂಪ್ ಒಂದು ಬಿಗ್ ಡೇಟಾ ಡೇಟಾಬೇಸ್, ಗೂಗಲ್ ತಯಾರಿಸಿದ ಇದು ಎಷ್ಟೇ ಮಾಹಿತಿಯನ್ನೂ ಅತಿ ವೇಗವಾಗಿ, ಸುರಕ್ಷಿತವಾಗಿ ಇಡುತ್ತದೆ.' ನಮ್ಮ ಮೇಡಂ ಇದನ್ನೇ ಮೊದಲು ತಿದ್ದಿ ಅಂದರು. ಏನು ತಪ್ಪಾಗಿದೆ?*
— ಎಂಸಿಎ ವಿದ್ಯಾರ್ಥಿಗಳು, ರಾಯಚೂರು

ಮೇಡಂ ಹೇಳಿದ್ದು ಸರಿ. ಹಡೂಪ್ ಡೇಟಾಬೇಸ್ ಅಲ್ಲ, ದೊಡ್ಡ ಮಾಹಿತಿಯನ್ನು ಹಲವು ಯಂತ್ರಗಳಿಗೆ ಹಂಚಿ ಇಟ್ಟು ಲೆಕ್ಕ ಮಾಡುವ ತಂತ್ರಾಂಶ. ಅದರಲ್ಲಿ ಕಡತ ಇಡುವ ಭಾಗ ಎಚ್‌ಡಿಎಫ್‌ಎಸ್, ಲೆಕ್ಕ ಮಾಡುವ ಭಾಗ ಮ್ಯಾಪ್‌ರೆಡ್ಯೂಸ್, ಯಂತ್ರಗಳ ಶಕ್ತಿಯನ್ನು ಹಂಚಿಕೊಡುವ ಭಾಗ ಯಾರ್ನ್. ಲೇಖನ ಯಾವುದರ ಬಗ್ಗೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಗೂಗಲ್ ಇದನ್ನು ತಯಾರಿಸಲಿಲ್ಲ. ತನ್ನ ಕಡತ ವ್ಯವಸ್ಥೆಯ ಬಗ್ಗೆ ಗೂಗಲ್ 2003ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನೋಡಿ ಡಗ್ ಕಟಿಂಗ್ ಮತ್ತು ಮೈಕ್ ಕೆಫೆರೆಲಾ ನಚ್ ಎಂಬ ವೆಬ್ ಹುಡುಕಾಟದ ತಂತ್ರಾಂಶ ಯೋಜನೆಯೊಳಗೆ ಅಂಥದ್ದೇ ಒಂದನ್ನು ಕಟ್ಟಿದರು. 2006ರಲ್ಲಿ ಅದು ಹಡೂಪ್ ಎಂದು ಬೇರೆಯಾಯಿತು.

'ಅತಿ ವೇಗ' ಅನ್ನುವುದೂ ಅರ್ಧ ನಿಜ. ನೂರಾರು ಜಿಬಿಯ ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿಕೊಂಡು ಹೋಗುವುದರಲ್ಲಿ ಎಚ್‌ಡಿಎಫ್‌ಎಸ್ ಗಟ್ಟಿಗ. ಒಂದು ಸಣ್ಣ ದಾಖಲೆ ಥಟ್ಟನೆ ಬೇಕೆಂದರೆ ಅದರ ಕೈಲಿ ಆಗುವುದಿಲ್ಲ, ಅದನ್ನು ಮಾಡಿದ್ದೂ ಅದಕ್ಕಲ್ಲ. ಬರೆದ ಕಡತದ ಕೊನೆಗೆ ಸೇರಿಸಬಹುದೇ ಹೊರತು ನಡುವೆ ತಿದ್ದಲು ಬರುವುದಿಲ್ಲ. ಈ ಮಿತಿಯನ್ನು ಬರೆದರೆ ಲೇಖನದ ತೂಕ ಹೆಚ್ಚುತ್ತದೆ.

'ಸುರಕ್ಷಿತ' ಎಂಬ ಪದವನ್ನು ಕಿತ್ತುಹಾಕಿ. ಎಚ್‌ಡಿಎಫ್‌ಎಸ್ ಸಾಮಾನ್ಯವಾಗಿ ಮಾಹಿತಿಯ ಮೂರು ಪ್ರತಿ ಇಡುವುದು ಡಿಸ್ಕ್ ಅಥವಾ ಯಂತ್ರ ಕೆಟ್ಟಾಗ ಅದು ಉಳಿಯಲಿ ಎಂದು. ಯಾರಾದರೂ ಕಡತವನ್ನೇ ಅಳಿಸಿದರೆ ಮೂರೂ ಹೋಗುತ್ತವೆ. ಕಸದಬುಟ್ಟಿ ಸೌಲಭ್ಯವೂ ಮೂಲ ಸಂಯೋಜನೆಯಲ್ಲಿ ಬಂದ್ ಇರುತ್ತದೆ. ಬಳಕೆದಾರರ ಗುರುತು ಪರೀಕ್ಷಿಸುವ ಕರ್ಬರಾಸ್ ವ್ಯವಸ್ಥೆಯನ್ನು ಜೋಡಿಸದಿದ್ದರೆ ಬಂದವರು ಹೇಳಿದ ಹೆಸರನ್ನೇ ಹಡೂಪ್ ನಂಬುತ್ತದೆ.

ಮೊದಲ ಸಾಲು ಹೀಗಿರಲಿ: 'ಎಚ್‌ಡಿಎಫ್‌ಎಸ್ ಅಪಾಚಿ ಹಡೂಪ್ ಯೋಜನೆಯ ಕಡತ ವ್ಯವಸ್ಥೆ. ದೊಡ್ಡ ಕಡತವನ್ನು ಬ್ಲಾಕ್‌ಗಳಾಗಿ ಒಡೆದು, ಪ್ರತಿ ಬ್ಲಾಕಿನ ಹಲವು ಪ್ರತಿಗಳನ್ನು ಜಾಲದ ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ.'

*ಬ್ಲಾಕ್ ಗಾತ್ರ ಒಂದು ಕಡೆ 64 ಎಂಬಿ, ಇನ್ನೊಂದು ಕಡೆ 128 ಎಂಬಿ ಅಂತ ಐತ್ರಿ. ಯಾವುದು ಖರೆ? 1 ಕೆಬಿ ಕಡತ ಇಟ್ಟರೂ 128 ಎಂಬಿ ಜಾಗ ಹೋಗ್ತದೇನ್ರಿ?*
— ಒಬ್ಬ ಓದುಗರು, ಗಂಗಾವತಿ

ಎರಡೂ ಖರೆ. ಹಡೂಪ್ 1ರಲ್ಲಿ 64 ಎಂಬಿ ಇತ್ತು, 2ರಿಂದ 128 ಎಂಬಿ ಆಯಿತು, ಬೇಕಾದರೆ ಬದಲಿಸಿಕೊಳ್ಳಬಹುದು. ಆವೃತ್ತಿ ಹೇಳದೆ ಅಂಕಿ ಬರೆದರೆ ಮುಂದೆ ಬಂದವರು ಅದನ್ನು ತಪ್ಪೆಂದು ತಿದ್ದುತ್ತಾರೆ, ಇನ್ನೊಬ್ಬರು ಅವರನ್ನು ತಿದ್ದುತ್ತಾರೆ.

ಜಾಗ ಹೋಗುವುದಿಲ್ಲ. 1 ಕೆಬಿ ಕಡತ ಡಿಸ್ಕ್ ಮೇಲೆ ಹಿಡಿಯುವುದು 1 ಕೆಬಿಯೇ, ಮೂರು ಪ್ರತಿಗೆ 3 ಕೆಬಿ. ಲೇಖನಕ್ಕೆ ಉದಾಹರಣೆ ಬೇಕಿದ್ದರೆ 300 ಎಂಬಿ ಕಡತ ತೆಗೆದುಕೊಳ್ಳಿ: 128, 128, 44 ಎಂದು ಮೂರು ಬ್ಲಾಕ್, ತಲಾ ಮೂರು ಪ್ರತಿಯಂತೆ ಒಂಬತ್ತು, ಒಟ್ಟು 900 ಎಂಬಿ. ಹಡೂಪ್ 3ರಲ್ಲಿ ಬಂದ ಎರೇಶರ್ ಕೋಡಿಂಗ್ ವಿಧಾನದಲ್ಲಿ ಪೂರ್ತಿ ಪ್ರತಿಗಳ ಬದಲು ಆರು ತುಂಡು ಮಾಹಿತಿಗೆ ಮೂರು ತುಂಡು ಪ್ಯಾರಿಟಿ (ಕಳೆದುಹೋದ ತುಂಡನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಬೇಕಾದ ಮಾಹಿತಿ) ಸೇರಿಸುವುದುಂಟು. ಆಗ ಮೂರು ಪಟ್ಟಿನ ಬದಲು ಸುಮಾರು ಒಂದೂವರೆ ಪಟ್ಟು ಜಾಗ ಸಾಕು.

ಸಣ್ಣ ಕಡತಗಳ ತೊಂದರೆ ಇರುವುದು ಡಿಸ್ಕಿನಲ್ಲಲ್ಲ, ಯಾವ ಕಡತದ ಯಾವ ಬ್ಲಾಕ್ ಎಲ್ಲಿದೆ ಎಂಬ ಲೆಕ್ಕ ಇಡುವ ನೇಮ್‌ನೋಡ್ ಎಂಬ ಯಂತ್ರದ ಮೆಮೊರಿಯಲ್ಲಿ. ಅಲ್ಲಿ ಪ್ರತಿ ಕಡತಕ್ಕೂ ಪ್ರತಿ ಬ್ಲಾಕಿಗೂ ಸುಮಾರು 150 ಬೈಟ್ ಬೇಕೆಂಬುದು ರೂಢಿಯ ಲೆಕ್ಕ. ಒಂದೊಂದೇ ಬ್ಲಾಕಿನ ಒಂದು ಕೋಟಿ ಕಡತಗಳಿದ್ದರೆ ಹತ್ತಿರ ಹತ್ತಿರ 3 ಜಿಬಿ ಮೆಮೊರಿ ಬರೀ ಹೆಸರು ನೆನಪಿಡುವುದಕ್ಕೆ ಹೋಯಿತು.

*'ಎಲ್ಲ ಮಾಹಿತಿ ನೇಮ್‌ನೋಡ್ ಮೂಲಕ ಹೋಗುತ್ತದೆ. ಅದು ಕೆಟ್ಟರೆ ಸೆಕೆಂಡರಿ ನೇಮ್‌ನೋಡ್ ಕೆಲಸ ವಹಿಸಿಕೊಳ್ಳುತ್ತದೆ' ಎಂದು ನಾನು ಬರೆದ ಸಾಲನ್ನು ಯಾರೋ ಅಳಿಸಿದ್ದಾರೆ. ಯಾಕೆ?*
— ಉಪನ್ಯಾಸಕರು, ಬಳ್ಳಾರಿ

ವಾಕ್ಯದ ಎರಡು ಭಾಗವೂ ತಪ್ಪಾಗಿದ್ದಕ್ಕೆ. ಅಕ್ಕಿ ಗಿರಣಿಯ ಗುಮಾಸ್ತನಿಗೆ ಯಾವ ಲಾಟು ಯಾವ ಗೋದಾಮಿನಲ್ಲಿದೆ ಎಂಬುದು ಗೊತ್ತು, ಆದರೆ ಚೀಲಗಳು ಅವನ ಮೇಜಿನ ಮೇಲೆ ಹಾದು ಹೋಗುವುದಿಲ್ಲ. ನೇಮ್‌ನೋಡ್ ಕೂಡ ಹಾಗೆ: ಬ್ಲಾಕ್ ಎಲ್ಲಿದೆ ಎಂದು ಹೇಳುತ್ತದೆ, ಬೇಕಾದವರು ಬ್ಲಾಕ್‌ಗಳನ್ನು ಇಟ್ಟುಕೊಂಡ ಯಂತ್ರದಿಂದ, ಅಂದರೆ ಡೇಟಾನೋಡ್‌ನಿಂದ, ನೇರವಾಗಿ ಓದಿಕೊಳ್ಳುತ್ತಾರೆ. ಬರೆಯುವಾಗ ಮೊದಲ ಡೇಟಾನೋಡ್ ಎರಡನೆಯದಕ್ಕೆ, ಅದು ಮೂರನೆಯದಕ್ಕೆ ದಾಟಿಸುತ್ತದೆ.

ಸೆಕೆಂಡರಿ ನೇಮ್‌ನೋಡ್ ಬದಲಿ ಆಳಲ್ಲ. ನೇಮ್‌ನೋಡ್ ಬರೆದಿಡುವ ಬದಲಾವಣೆಗಳ ದಾಖಲೆಯನ್ನು, ಕಡತಗಳ ಪೂರ್ತಿ ಪಟ್ಟಿಯಿರುವ ಮೂಲ ಚಿತ್ರಣದ ಕಡತದೊಂದಿಗೆ ಕೂಡಿಸುವುದಷ್ಟೇ ಅದರ ಕೆಲಸ. ಗಂಟೆಗೊಮ್ಮೆ, ಇಲ್ಲವೇ ಹತ್ತು ಲಕ್ಷ ಬದಲಾವಣೆ ತುಂಬಿದಾಗ. ಇದು ನಿಂತರೆ ದಾಖಲೆ ಬೆಳೆಯುತ್ತಲೇ ಹೋಗಿ ನೇಮ್‌ನೋಡ್ ಮತ್ತೆ ಎದ್ದೇಳಲು ಬಹಳ ಹೊತ್ತು ಹಿಡಿಯುತ್ತದೆ. ಕೆಲಸ ವಹಿಸಿಕೊಳ್ಳುವುದು ಸ್ಟ್ಯಾಂಡ್‌ಬೈ ನೇಮ್‌ನೋಡ್. ಅದು ಹಡೂಪ್ 2ರ ಸಾಲಿನಲ್ಲಿ ಬಂದದ್ದು (ಅದರ ಸ್ಥಿರ ಆವೃತ್ತಿ 2.2.0 ಬಿಡುಗಡೆಯಾದದ್ದು 2013ರ ಅಕ್ಟೋಬರ್‌ನಲ್ಲಿ). ಸ್ಟ್ಯಾಂಡ್‌ಬೈ ಇದ್ದ ಕಡೆ ಸೆಕೆಂಡರಿ ಬೇಕಾಗುವುದೇ ಇಲ್ಲ.

ಹಾಗೇ, 'ಡೇಟಾನೋಡ್ 3 ಸೆಕೆಂಡ್ ಸುಮ್ಮನಾದರೆ ಸತ್ತಂತೆ' ಎಂದು ಬರೆದಿದ್ದರೆ ಅದನ್ನೂ ನೋಡಿ. ಡೇಟಾನೋಡ್‌ನಿಂದ ನೇಮ್‌ನೋಡ್‌ಗೆ ಹಾರ್ಟ್‌ಬೀಟ್ ('ಬದುಕಿದ್ದೇನೆ' ಎಂಬ ಸಂದೇಶ) ಹೋಗುವುದು 3 ಸೆಕೆಂಡಿಗೊಮ್ಮೆ ನಿಜ. ಸತ್ತಿದೆ ಎಂದು ತೀರ್ಮಾನಿಸಲು ಮೂಲ ಸಂಯೋಜನೆಯಲ್ಲಿ 10 ನಿಮಿಷ 30 ಸೆಕೆಂಡ್ ಬೇಕು. ಚಿಕ್ಕ ಅಡಚಣೆಗೆಲ್ಲ ಹೊಸ ಪ್ರತಿ ಮಾಡುತ್ತ ಕೂತರೆ ಜಾಲವೇ ತುಂಬಿಹೋಗುತ್ತದೆ.

*ಇಂಗ್ಲಿಷ್ ಲೇಖನವನ್ನು ಅನುವಾದಿಸಿ ಹಾಕಬಹುದೇ?*
— ಸಿಂಧನೂರು

ಹಾಕಬಹುದು. ಯಾವ ಲೇಖನದಿಂದ ಬಂತು ಎಂಬುದನ್ನು ಸಂಪಾದನೆಯ ಸಾರಾಂಶದಲ್ಲಿ ಕೊಂಡಿಯೊಂದಿಗೆ ಬರೆಯಲೇಬೇಕು, ಪರವಾನಗಿಯ ಷರತ್ತು ಅದು. ಯಂತ್ರಾನುವಾದವನ್ನು ತಿದ್ದದೆ ಹಾಕಬೇಡಿ. ಉಲ್ಲೇಖಗಳನ್ನು ಕಣ್ಣುಮುಚ್ಚಿ ಎತ್ತಿಕೊಳ್ಳದೆ ತೆರೆದು ನೋಡಿ: ಕೊಂಡಿ ಸತ್ತಿರಬಹುದು, ಅಥವಾ ಆ ಪುಟ ಈಗ ಬೇರೆ ಆವೃತ್ತಿಯ ಬಗ್ಗೆ ಹೇಳುತ್ತಿರಬಹುದು.

*ನಮ್ಮ ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿ ಹಡೂಪ್ ಹಾಕಿ ನೋಡಿದೆವು. ಎಲ್ಲ ಬ್ಲಾಕಿಗೂ ಪ್ರತಿ ಕಡಿಮೆ ಇದೆ ಎಂದು ತೋರಿಸುತ್ತದೆ. ಇದನ್ನು ಲೇಖನದಲ್ಲಿ ಬರೆಯೋಣವೇ?*
— ಡಿಪ್ಲೊಮಾ ವಿದ್ಯಾರ್ಥಿಗಳು, ಕೊಪ್ಪಳ

ಬೇಡ. ಒಂದು ಡೇಟಾನೋಡ್ ಒಂದು ಬ್ಲಾಕಿನ ಒಂದೇ ಪ್ರತಿ ಇಟ್ಟುಕೊಳ್ಳುತ್ತದೆ; ನೀವು ಕೇಳಿರುವುದು ಮೂರು, ಹಾಗಾಗಿ ಆ ದೂರು. ಸಂಯೋಜನೆಯಲ್ಲಿ ರೆಪ್ಲಿಕೇಶನ್ (ಪ್ರತಿಗಳ) ಸಂಖ್ಯೆಯನ್ನು 1 ಮಾಡಿದರೆ ಹೊಸ ಕಡತಗಳಿಗೆ ಆ ದೂರು ಬರುವುದಿಲ್ಲ. ಈಗಾಗಲೇ ಇರುವ ಕಡತಗಳಿಗೆ ಪ್ರತಿಗಳ ಸಂಖ್ಯೆ ಬದಲಿಸುವ ಸೆಟ್‌ರೆಪ್ ಆಜ್ಞೆಯನ್ನು ಬೇರೆಯಾಗಿ ಕೊಡಬೇಕು. ನೀವೇ ಮಾಡಿ ನೋಡಿದ್ದು ವಿಕಿಪೀಡಿಯದ ಲೆಕ್ಕದಲ್ಲಿ ಸ್ವಂತ ಸಂಶೋಧನೆ, ಆಧಾರವಾಗಿ ನಿಲ್ಲದು. ಆದರೆ ಲೇಖನದಲ್ಲಿ ಅನುಮಾನ ಹುಟ್ಟಿಸುವ ಸಾಲು ಕಂಡರೆ ಕಡತ ವ್ಯವಸ್ಥೆಯನ್ನು ಪರೀಕ್ಷಿಸುವ ಎಫ್‌ಎಸ್‌ಸಿಕೆ ಆಜ್ಞೆಯಿಂದ ಬ್ಲಾಕ್ ಮತ್ತು ಸ್ಥಳ ತೆಗೆಸಿ ನೋಡಿ, ಹೊಂದದಿದ್ದರೆ ಆ ಆವೃತ್ತಿಯ ಅಧಿಕೃತ ಕೈಪಿಡಿ ಹುಡುಕಿ, ಚರ್ಚೆ ಪುಟದಲ್ಲಿ ಎರಡನ್ನೂ ಇಟ್ಟು ಆಮೇಲೆ ತಿದ್ದಿ.