ಲದ್ದಿ ಪರೀಕ್ಷೆ ಯಾರ ಉಪಯೋಗಕ್ಕೆ? ಕಾಮಸಮುದ್ರದ ರೈತರಿಗೆ ಸಂಪಾದಕರ ಉತ್ತರ

ಕಾಡುಪ್ರಾಣಿಗಳ ಒತ್ತಡವನ್ನು ಹೇಗೆ ಅಳೆಯುತ್ತಾರೆ ಎಂಬ ಬಗ್ಗೆ ನಮ್ಮ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಕಡೆಯ ರೈತರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮಾತಿನ ಸಾರ ಹೀಗಿದೆ: ಕಟಾವಿಗೆ ಬಂದಿದ್ದ ರಾಗಿ ಮತ್ತು ಟೊಮೆಟೊವನ್ನು ಆನೆಗಳು ಎರಡು ವರ್ಷದಿಂದ ತುಳಿದು ಹಾಕಿವೆ. ಊರಿಗೆ ಬರುವ ಆನೆಗಳೆಲ್ಲ ತಿಂದುಂಡು ಕೊಬ್ಬಿವೆ, ಅವಕ್ಕೆಂಥ ಒತ್ತಡ? ಲದ್ದಿ ನೋಡಿ ಆನೆಯ ಮನಸ್ಸು ತಿಳಿಯುವುದು ನಂಬುವ ಮಾತೇ? ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ನಿದ್ದೆಗೆಡುವ ರೈತನ ಒತ್ತಡವನ್ನು ಅಳೆಯುವವರು ಯಾರು? ಈ ಪರೀಕ್ಷೆಗಳನ್ನೆಲ್ಲ ಬಿಟ್ಟು ಆನೆಗಳನ್ನು ಹಿಡಿದು ದೊಡ್ಡ ಕಾಡಿಗೆ ಸಾಗಿಸಬಾರದೇಕೆ?

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಹಾಗಾಗಿ ನಿಮ್ಮ ಒತ್ತಡದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆನೆಗೂ ಮನುಷ್ಯನಿಗೂ ಮೂತ್ರಪಿಂಡದ ಬಳಿ ಒಂದೇ ಬಗೆಯ ಗ್ರಂಥಿ ಇದೆ. ಹೆದರಿದಾಗ ಅದರಿಂದ ಹೊರಡುವ ಕಾರ್ಟಿಸಾಲ್ ಎಂಬ ಹಾರ್ಮೋನೂ ಒಂದೇ. ಆನೆ ಹೊಲಕ್ಕೆ ಇಳಿದ ರಾತ್ರಿ ಬೇಲಿಯ ಆಚೆ ನಿಂತ ಅದರ ಮೈಯಲ್ಲಿ ಏನಾಗುತ್ತದೋ, ಬೇಲಿಯ ಈಚೆ ಟಾರ್ಚ್ ಹಿಡಿದು ನಿಂತ ನಿಮ್ಮ ಮೈಯಲ್ಲೂ ಅದೇ ಆಗುತ್ತದೆ. ಅಸ್ಸಾಮಿನ ಸೋನಿತ್‌ಪುರ ಜಿಲ್ಲೆಯಲ್ಲಿ ಆನೆ ಹಾವಳಿಗೆ ಸಿಕ್ಕ ಕುಟುಂಬಗಳ ಮಾನಸಿಕ ಆರೋಗ್ಯ ಕುರಿತು ಸುಶ್ರುತ ಜಾಧವ್ ಮತ್ತು ಮಾನ್ ಬರುವಾ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಬೆಳೆ ಹೋದದ್ದು ನಷ್ಟದ ಒಂದು ಪಾಲು ಮಾತ್ರ. ನಿದ್ದೆಗೇಡು, ಭಯ, ಕುಡಿತ, ಸಾಲ, ಮನೆಯೊಳಗಿನ ಜಗಳ ಇವೆಲ್ಲ ಯಾವ ಪರಿಹಾರದ ಅರ್ಜಿಯಲ್ಲೂ ಬರುವುದಿಲ್ಲ ಎಂಬುದು ಈ ಬಗೆಯ ಅಧ್ಯಯನಗಳಿಂದ ಗೊತ್ತಾಗುವ ವಿಷಯ. ನಮ್ಮ ಜಿಲ್ಲೆಯಲ್ಲಿ ಬೆಳೆ ಹಾನಿಯ ಮಹಜರು ಆಗುತ್ತದೆ, ನಿದ್ದೆಗೆಟ್ಟದ್ದಕ್ಕೆ ಮಹಜರು ಆಗುವುದಿಲ್ಲ. ಅದೂ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆನೆಯ ಒತ್ತಡ ಅಳೆಯುವುದನ್ನು ನಿಲ್ಲಿಸಿದರೆ ನಿಮ್ಮದನ್ನು ಅಳೆದಂತಾಗುವುದಿಲ್ಲ. ಆನೆಯ ವಿಚಾರ ಸರಿಯಾಗಿ ತಿಳಿದರೆ ಮೊದಲ ಉಪಯೋಗ ನಿಮಗೇ ಎಂದು ನಾನು ನಂಬುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಲದ್ದಿಯಲ್ಲಿ ಯಾರೂ ಆನೆಯ ಮನಸ್ಸನ್ನು ಓದುವುದಿಲ್ಲ. ಹಾರ್ಮೋನಿನ ಚೂರುಗಳನ್ನು ಓದುತ್ತಾರೆ, ಅಷ್ಟೆ. ರಕ್ತ ತೆಗೆಯಬಹುದಲ್ಲ ಎಂದರೆ, ಅದಕ್ಕೆ ಆನೆಯನ್ನು ಅಟ್ಟಿಸಿಕೊಂಡು ಹೋಗಿ ಅರವಳಿಕೆ ಚುಚ್ಚಬೇಕು. ಆಗ ಸಿಗುವುದು ನಾವೇ ಹುಟ್ಟಿಸಿದ ಭಯದ ಲೆಕ್ಕ. ಲದ್ದಿಗೆ ಆ ತೊಂದರೆ ಇಲ್ಲ, ಪ್ರಾಣಿಗೆ ಗೊತ್ತೇ ಆಗುವುದಿಲ್ಲ. ರಕ್ತದಲ್ಲಿನ ಕಾರ್ಟಿಸಾಲ್ ಪಿತ್ತಜನಕಾಂಗದಲ್ಲಿ ಒಡೆದು, ಪಿತ್ತರಸದ ಜೊತೆ ಕರುಳಿಗಿಳಿದು, ಅಲ್ಲಿನ ಸೂಕ್ಷ್ಮಾಣುಗಳ ಕೈಯಲ್ಲಿ ಇನ್ನಷ್ಟು ಬದಲಾಗಿ ಲದ್ದಿಯೊಂದಿಗೆ ಹೊರಬರುತ್ತದೆ. ಆನೆಯಲ್ಲಿ ಇದಕ್ಕೆ ಹೆಚ್ಚುಕಡಿಮೆ ಒಂದರಿಂದ ಎರಡು ದಿನ ಹಿಡಿಯುತ್ತದೆ. ಅಂದರೆ ಇವತ್ತು ಬೆಳಿಗ್ಗೆ ನಿಮ್ಮ ಹೊಲದಲ್ಲಿ ಬಿದ್ದ ಲದ್ದಿ ನಿನ್ನೆ ಮೊನ್ನೆಯ ಕತೆ ಹೇಳುತ್ತದೆ, ಇವತ್ತಿನದಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ.

ತೆಗೆಯುವ ಕ್ರಮ ಹೀಗೆ. ಇನ್ನೂ ಬಿಸಿಯಾಗಿರುವ, ಬಿಸಿಲು ತಾಗದ ಉಂಡೆಯನ್ನೇ ಹುಡುಕುತ್ತಾರೆ. ಕೈಗವಸು ಹಾಕಿ ಉಂಡೆಯನ್ನು ಎರಡು ಹೋಳು ಮಾಡಿದರೆ ಒಳಗಿನಿಂದ ಆವಿ ಏಳುತ್ತದೆ. ಅರ್ಧ ಜೀರ್ಣವಾದ ಹುಲ್ಲಿನ ನಾರು, ರಾಗಿಯ ಹೊಟ್ಟು, ಮಾವಿನ ಕಾಲವಾದರೆ ಇಡೀ ವಾಟೆಗಳೂ ಕಾಣುತ್ತವೆ. ಆನೆ ತಿಂದದ್ದರಲ್ಲಿ ಅರ್ಧಕ್ಕೂ ಹೆಚ್ಚು ಜೀರ್ಣವಾಗದೇ ಹೊರಬರುವುದರಿಂದ ಅದು ಎಲ್ಲಿ ಮೇಯ್ದು ಬಂತು ಎಂಬುದಕ್ಕೂ ಲದ್ದಿಯೇ ಸಾಕ್ಷಿ. ಹೊರಪದರ ಬಿಟ್ಟು, ಒಳಭಾಗದ ಬೇರೆ ಬೇರೆ ಕಡೆಯಿಂದ ಚೂರುಚೂರು ತೆಗೆದು ಕಲಸುತ್ತಾರೆ, ಯಾಕೆಂದರೆ ಒಂದೇ ಉಂಡೆಯಲ್ಲೂ ಹಾರ್ಮೋನು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಆಮೇಲೆ ಅದನ್ನು ಐಸ್ ಪೆಟ್ಟಿಗೆಗೆ ಹಾಕುತ್ತಾರೆ. ತಡವಾದರೆ ಬ್ಯಾಕ್ಟೀರಿಯಾಗಳು ಲೆಕ್ಕ ಕೆಡಿಸುತ್ತವೆ. ಮಳೆ ಬಿದ್ದರೂ ಕೆಡುತ್ತದೆ. ಪ್ರಯೋಗಾಲಯದಲ್ಲಿ ಒಣಗಿಸಿ, ಪುಡಿ ಮಾಡಿ, ನಾರು ಜರಡಿ ಹಿಡಿದು, ಆಲ್ಕೊಹಾಲಿನಲ್ಲಿ ಕಲಕಿ ಹಾರ್ಮೋನಿನ ಅಂಶವನ್ನು ಬೇರ್ಪಡಿಸಿ, ಒಂದು ಗ್ರಾಂ ಒಣ ಲದ್ದಿಗೆ ಇಷ್ಟು ನ್ಯಾನೋಗ್ರಾಂ ಎಂದು ಲೆಕ್ಕ ಹಾಕುತ್ತಾರೆ.

ಬರುವ ಅಂಕಿಯನ್ನು ಓದುವುದೇ ಕಷ್ಟದ ಕೆಲಸ. ಒತ್ತಡ ಎಂಬುದನ್ನು ದೇಹದ ಭಾಷೆಯಲ್ಲಿ ಮೊದಲು ವಿವರಿಸಿದ ಹಾನ್ಸ್ ಸೆಲ್ಯೆ 1936ರಲ್ಲಿ ಬರೆದಾಗಿನಿಂದ ಇಂದಿನವರೆಗೂ ಯಾವುದನ್ನು ಒತ್ತಡ ಎನ್ನಬೇಕು ಎಂಬ ತಕರಾರು ಮುಗಿದಿಲ್ಲ. ಕಾರ್ಟಿಸಾಲ್ ಕೆಟ್ಟದ್ದಲ್ಲ. ಓಡಲು, ಹೋರಾಡಲು, ಹಸಿವು ತಡೆಯಲು ಶಕ್ತಿ ಕೊಡುವುದೇ ಅದು. ಗಂಡು ಹೆಣ್ಣು ಕೂಡುವ ಕಾಲದಲ್ಲೂ, ದೂರ ನಡೆದಾಗಲೂ ಏರುತ್ತದೆ. ಏರಿ ಇಳಿದರೆ ಆರೋಗ್ಯ, ಏರಿದ್ದು ತಿಂಗಳುಗಟ್ಟಲೆ ಇಳಿಯದಿದ್ದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಗರ್ಭ ನಿಲ್ಲುವುದು ಕಷ್ಟವಾಗುತ್ತದೆ. ಬಹುಕಾಲ ಹಿಂಸೆ ಅನುಭವಿಸಿದ ಪ್ರಾಣಿಯಲ್ಲಿ ಕೆಲವೊಮ್ಮೆ ಹಾರ್ಮೋನು ತೀರಾ ಕಡಿಮೆ ಇರುವುದೂ ಉಂಟು. ಒಂದು ಆನೆಯ ಒಂದು ಲದ್ದಿ ನೋಡಿ ಅದು ಸುಖವಾಗಿದೆ, ದುಃಖದಲ್ಲಿದೆ ಎಂದು ತೀರ್ಪು ಕೊಡುವುದು, ಕೋಲಾರದ ಎಪಿಎಂಸಿಯಲ್ಲಿ ಒಂದು ದಿನದ ಟೊಮೆಟೊ ಧಾರಣೆ ನೋಡಿ ರೈತನ ವರ್ಷದ ಲಾಭ ನಷ್ಟ ಹೇಳಿದಂತೆ.

ಈಗ ನಿಮ್ಮ ಕೊಬ್ಬಿದ ಆನೆಗಳ ವಿಷಯ. ನೀವು ಕಂಡದ್ದು ಸರಿ, ವಿಜ್ಞಾನಿಗಳು ಕಂಡದ್ದೂ ಅದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಶರ್ಮಾ ಪೋಖರೇಲ್, ರಾಮನ್ ಸುಕುಮಾರ್ ಮತ್ತಿತರರು ಮೊದಲು ಬಂಡೀಪುರ–ಮುದುಮಲೈ ಕಡೆಯ ಕಾಡಾನೆಗಳನ್ನು ನೋಡಿದರು. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ ಎಷ್ಟು ಎದ್ದು ಕಾಣುತ್ತವೆ ಎಂದು ನೋಡಿ ಮೈಕಟ್ಟಿಗೆ ಅಂಕ ಕೊಟ್ಟು, ಲದ್ದಿಯ ಹಾರ್ಮೋನಿನ ಜೊತೆ ಹೋಲಿಸಿದರು. ಬೇಸಿಗೆಯಲ್ಲಿ ಮೈ ಇಳಿದ ಆನೆಗಳಲ್ಲಿ ಹಾರ್ಮೋನು ಹೆಚ್ಚಿತ್ತು. ಇದು 2017ರ ಮಾತು. 2019ರಲ್ಲಿ ಅವರೇ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಹಾಸನ ಜಿಲ್ಲೆಯ ಕಾಫಿ ತೋಟ, ಗದ್ದೆಗಳ ನಡುವೆ ಬದುಕುವ ಆನೆಗಳನ್ನೂ ಬಂಡೀಪುರ, ನಾಗರಹೊಳೆಯ ಆನೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಜನರ ನಡುವೆ ಇರುವ, ಪಟಾಕಿ ಕೇಳುವ, ಓಡಿಸಿಕೊಳ್ಳುವ ಹಾಸನದ ಆನೆಗಳಲ್ಲೇ ಹಾರ್ಮೋನು ಕಡಿಮೆ ಇತ್ತು! ಮೈಯೂ ತುಂಬಿಕೊಂಡಿತ್ತು. ಬೆಳೆಯಲ್ಲಿರುವ ಪೌಷ್ಟಿಕ ಮೇವೇ ಆ ಒತ್ತಡವನ್ನು ತಣಿಸುತ್ತಿರಬಹುದು ಎಂಬುದು ಅವರ ವಿವರಣೆ.

ಇದು ನಿಮಗೆ ಯಾಕೆ ಮುಖ್ಯ ಎಂದರೆ, ನಮ್ಮ ಇಡೀ ಆನೆ ಓಡಿಸುವ ಕಾರ್ಯಾಚರಣೆ ನಿಂತಿರುವುದು ಹೆದರಿಸಿದರೆ ಹೋಗುತ್ತವೆ ಎಂಬ ಒಂದೇ ನಂಬಿಕೆಯ ಮೇಲೆ. ಹೊಟ್ಟೆಗೆ ಸಿಗುವ ಲಾಭ ಭಯದ ನಷ್ಟಕ್ಕಿಂತ ದೊಡ್ಡದಾಗಿದ್ದರೆ ಎಷ್ಟು ಪಟಾಕಿ ಸಿಡಿಸಿದರೂ ಅವು ಮತ್ತೆ ಬರುತ್ತವೆ. ನಿಶಾಂತ್ ಶ್ರೀನಿವಾಸಯ್ಯ ಮತ್ತು ಜೊತೆಯವರು 2019ರಲ್ಲೇ ದಕ್ಷಿಣ ಭಾರತದ ಗಂಡಾನೆಗಳ ಬಗ್ಗೆ ಬರೆದರು. ಸಾಮಾನ್ಯವಾಗಿ ಒಂಟಿಯಾಗಿ ತಿರುಗುವ ಹರೆಯದ ಸಲಗಗಳು ಹೊಲಗದ್ದೆಗಳ ಸೀಮೆಯಲ್ಲಿ ಗಂಡುಗಳದ್ದೇ ದೊಡ್ಡ ಗುಂಪು ಕಟ್ಟಿಕೊಂಡು ವರ್ಷಾನುಗಟ್ಟಲೆ ಜೊತೆಯಾಗಿರುವುದನ್ನು ಅವರು ದಾಖಲಿಸಿದ್ದಾರೆ. ಬೆಳೆ ದೊಡ್ಡ ಮೇವು, ಆದರೆ ಅಪಾಯದ ಮೇವು. ಗುಂಪಿನಲ್ಲಿ ಹೋದರೆ ಧೈರ್ಯ, ಹಿರಿಯನಿಂದ ಕಿರಿಯನಿಗೆ ದಾರಿಯ ಪಾಠ. ನಿಮ್ಮ ಕಡೆ ತಮಿಳುನಾಡಿನ ಹೊಸೂರು, ಡೆಂಕಣಿಕೋಟೆಯಿಂದ ಬಂದು ಆಂಧ್ರದ ಕೌಂಡಿನ್ಯ ಅಭಯಾರಣ್ಯದತ್ತ ಹೋಗುವ ಆನೆಗಳೂ ಇಂಥ ಲೆಕ್ಕಾಚಾರದಲ್ಲೇ ನಡೆಯುತ್ತವೆ. ಆ ಕಾಡಿಗೆ ಆನೆಗಳು ಮರಳಿ ಕಾಲಿಟ್ಟದ್ದು 1980ರ ದಶಕದಲ್ಲಿ, ಅದಕ್ಕೆ ಮೊದಲು ಅಲ್ಲಿ ತಲೆಮಾರುಗಳ ಕಾಲ ಆನೆ ಇರಲಿಲ್ಲ. ಮೂರು ರಾಜ್ಯಗಳ ಗಡಿ ಮನುಷ್ಯರದು, ಆನೆಗಳದ್ದಲ್ಲ.

ಹಾರ್ಮೋನು ಕಡಿಮೆ ಇದ್ದ ಮಾತ್ರಕ್ಕೆ ಆ ಆನೆಗಳ ಬಾಳು ಚೆನ್ನಾಗಿದೆ ಎಂದೂ ನಾನು ಹೇಳಲಾರೆ. ವಿದ್ಯುತ್ ತಂತಿ ತಗುಲಿ ಸಾಯುವ ಆನೆಯ ಲದ್ದಿಯಲ್ಲೂ ಹಿಂದಿನ ದಿನ ಅಂಕಿ ಕಡಿಮೆಯೇ ಇದ್ದಿರಬಹುದು. ಪ್ರಾಣಿಯ ಯೋಗಕ್ಷೇಮ ಎಂದರೆ ಮೇವು ನೀರು, ಪರಿಸರ, ಆರೋಗ್ಯ, ತನಗೆ ಸಹಜವಾದಂತೆ ನಡೆದುಕೊಳ್ಳುವ ಅವಕಾಶ, ಇವೆಲ್ಲದರಿಂದ ಅದರ ಒಳಗೆ ಹುಟ್ಟುವ ಅನುಭವ ಎಂದು ನ್ಯೂಜಿಲೆಂಡಿನ ವಿಜ್ಞಾನಿ ಡೇವಿಡ್ ಮೆಲ್ಲರ್ 1994ರಿಂದಲೂ ಹೇಳುತ್ತ ಬಂದಿದ್ದಾರೆ. ಸರಪಳಿಯಲ್ಲಿ ಕಟ್ಟಿದ ಆನೆ ಗಂಟೆಗಟ್ಟಲೆ ತೂಗಾಡುವುದನ್ನು ನೀವೂ ನೋಡಿರುತ್ತೀರಿ. ಜನ ಅದನ್ನು ಕುಣಿತ ಎಂದು ಫೋನಿನಲ್ಲಿ ಹಿಡಿಯುತ್ತಾರೆ. ಅದು ಕುಣಿತವಲ್ಲ, ನಡೆಯಲು ಬಿಡದ ಕಾಲುಗಳ ಚಡಪಡಿಕೆ. ದಸರಾದಂಥ ಮೆರವಣಿಗೆ, ಧಾರ್ಮಿಕ ಉತ್ಸವಗಳಲ್ಲಿ ದುಡಿಯುವ ಸಾಕಾನೆಗಳಲ್ಲಿ ಒತ್ತಡದ ಹಾರ್ಮೋನು ಹೆಚ್ಚಿರುವುದನ್ನು ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2019ರಲ್ಲಿ ತೋರಿಸಿದ್ದಾರೆ.

ಇನ್ನು, ಕಣ್ಣಿಗೆ ಕಾಣುವ ನಡವಳಿಕೆಯನ್ನೂ ಪೂರ್ತಿ ನಂಬುವಂತಿಲ್ಲ. ಆನೆ ಕಿವಿ ಬೀಸುವುದನ್ನು ತಟಕ್ಕನೆ ನಿಲ್ಲಿಸಿದರೆ, ಬಾಲ ಸೆಟೆದರೆ, ಸೊಂಡಿಲ ತುದಿಯನ್ನು ಗಾಳಿಗೆ ಎತ್ತಿದರೆ ಅಥವಾ ತನ್ನದೇ ಬಾಯಿಗೆ, ಕೆನ್ನೆಗೆ ಮುಟ್ಟಿಸಿಕೊಳ್ಳುತ್ತಿದ್ದರೆ ಅದು ಕಳವಳದಲ್ಲಿದೆ ಎಂದು ಮಾವುತರಿಗೆ ಗೊತ್ತು. ಆದರೆ ಅಲ್ಲಾಡದೆ ನಿಂತ ಪ್ರಾಣಿ? ಅಮೆರಿಕದ ಮಿನೆಸೋಟಾದಲ್ಲಿ ಕಪ್ಪು ಕರಡಿಗಳ ಮೈಗೆ ಹೃದಯ ಬಡಿತ ಅಳೆಯುವ ಸಾಧನ ಇಟ್ಟು ಮೇಲೆ ಡ್ರೋನ್ ಹಾರಿಸಿದರು. ಹೆಚ್ಚಿನ ಕರಡಿಗಳು ಕದಲಲಿಲ್ಲ. ಆದರೆ ಎಲ್ಲ ಕರಡಿಗಳ ಎದೆಬಡಿತವೂ ಏರಿತ್ತು, ಒಂದು ತಾಯಿ ಕರಡಿಯದಂತೂ ನಿಮಿಷಕ್ಕೆ 41ರಿಂದ 162ಕ್ಕೆ ಏರಿತ್ತು. 2015ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಆನೆ ಹುಡುಕಲು ಡ್ರೋನ್ ಹಾರಿಸುವ ನಮ್ಮವರೂ ತಿಳಿದಿರಬೇಕು. ಶಬ್ದದ ವಿಷಯದಲ್ಲಿ ಇನ್ನೊಂದು ಉದಾಹರಣೆ ಸಮುದ್ರದ್ದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಕಡಿಮೆಯಾಗಿ ನೀರಿನೊಳಗಿನ ಸದ್ದು 6 ಡೆಸಿಬಲ್ ಇಳಿಯಿತು. ಅದೇ ಹೊತ್ತಿನಲ್ಲಿ ಅಲ್ಲಿನ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನೂ ಇಳಿದಿತ್ತು. ಸದ್ದು ಮಾಡುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ಯಾರೂ ಬೇಕೆಂದು ಮಾಡಲಾಗದ ಪ್ರಯೋಗ ಅದು.

ಹಿಡಿದು ಸಾಗಿಸಿ ಎಂಬ ನಿಮ್ಮ ಬೇಡಿಕೆಗೆ ನಾನು ಒಪ್ಪುವುದಿಲ್ಲ. ಆನೆಯ ಮೇಲಿನ ಕರುಣೆಯಿಂದಷ್ಟೇ ಹೇಳುತ್ತಿಲ್ಲ, ಅದರಿಂದ ನಿಮ್ಮ ಕಷ್ಟ ತೀರದು. ಶ್ರೀಲಂಕಾದಲ್ಲಿ ಹೀಗೆ ಸಾಗಿಸಿದ 12 ಗಂಡಾನೆಗಳ ಕೊರಳಿಗೆ ಜಾಡು ತಿಳಿಸುವ ಕಾಲರ್ ಹಾಕಿ ಹಿಂಬಾಲಿಸಿದರು. ಕೆಲವು ಹಳೆಯ ಜಾಗಕ್ಕೇ ಹೊರಟವು, ಕೆಲವು ಊರೂರು ಅಲೆದವು, ಕೆಲವೇ ಹೊಸ ಜಾಗದ ಬಳಿ ನೆಲೆ ನಿಂತವು. ಸಂಘರ್ಷ ಇನ್ನೂ ಹರಡಿತು, ಆನೆಗಳೂ ಸತ್ತವು. ಆಲೂರು, ಸಕಲೇಶಪುರ ಕಡೆಯಿಂದ 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಅಲ್ಲಿನ ಜನರನ್ನು ಕೇಳಿ, ಆನೆಗಳು ಇಂದಿಗೂ ಇವೆ. ತುಮಕೂರು ಜಿಲ್ಲೆಯಲ್ಲಿ ಚಿರತೆ ಕಂಡ ಕೂಡಲೇ ಬೋನು ಇಡಿ ಎಂಬ ಒತ್ತಾಯ ಏಳುತ್ತದೆ. ಬೋನಿನ ಕಂಬಿ ಕಚ್ಚಿ ಹಲ್ಲು ಮುರಿದುಕೊಂಡ ಚಿರತೆಯನ್ನು ಗೊತ್ತಿಲ್ಲದ ಕಾಡಿನಲ್ಲಿ ಬಿಟ್ಟರೆ ಅದು ಇನ್ನೊಂದು ಊರಿನ ಅಪಾಯ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಚಿರತೆಗಳನ್ನು ಸಾಮೂಹಿಕವಾಗಿ ಹಿಡಿದು ಬಿಡತೊಡಗಿದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿದ್ದನ್ನು ವಿದ್ಯಾ ಅತ್ರೇಯ ಅವರ ತಂಡ ದಾಖಲಿಸಿದೆ.

ನಿಮ್ಮ ಪತ್ರದ ಕಡೆಯ ಸಾಲಿನಲ್ಲಿ ಒಂದು ಪ್ರಶ್ನೆ ಇದೆ. ಲದ್ದಿ ಕೇಳಿಕೊಂಡು ವಿದ್ಯಾರ್ಥಿಗಳು ಊರಿಗೆ ಬಂದರೆ ಹೊಲಕ್ಕೆ ಬಿಡಬೇಕೇ, ವಾಪಸ್ ಕಳಿಸಬೇಕೇ? ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸಿದರೆ ದಯವಿಟ್ಟು ಬಿಡಿ. ಬಿಡುವುದಷ್ಟೇ ಅಲ್ಲ, ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇದೆ. ಲದ್ದಿ ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂದು ಅವರು ಬರೆದುಕೊಳ್ಳುತ್ತಾರೆ. ಆದರೆ ಅದು ಹೇಳುವುದು ಒಂದೆರಡು ದಿನ ಹಿಂದಿನ ಕತೆಯನ್ನು. ಆ ರಾತ್ರಿ ಆ ಗುಂಪು ಯಾವ ಕೆರೆಯಂಗಳದಲ್ಲಿತ್ತು, ಯಾವ ಊರವರು ತಮಟೆ ಬಾರಿಸಿದರು, ಎಷ್ಟು ಪಟಾಕಿ ಹೊಡೆದರು, ಟ್ರ್ಯಾಕ್ಟರ್ ಅಟ್ಟಿಸಿಕೊಂಡು ಹೋಯಿತೇ, ಗುಂಪಿನಲ್ಲಿ ಮರಿ ಇತ್ತೇ ಎಂಬುದು ಯಾವ ಪ್ರಯೋಗಾಲಯಕ್ಕೂ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಅಟ್ಟಣೆ ಮೇಲೆ ಕೂತವರಿಗೆ ಮತ್ತು ಆನೆ ಓಡಿಸುವ ವಾಚರ್‌ಗಳಿಗೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಜಾಗ, ಎಷ್ಟು ಆನೆ, ಏನು ತಿಂದವು, ಹೇಗೆ ಓಡಿಸಿದೆವು ಎಂದು ಬರೆದಿಡಿ. ಎಷ್ಟು ಹೊತ್ತು ಎದ್ದಿದ್ದಿರಿ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಯಾವ ಬಗೆಯ ಓಡಿಸುವಿಕೆಯಿಂದ ಆನೆಗಳು ಬೆದರಿ ಚದುರಿ ಇನ್ನಷ್ಟು ಊರು ನುಗ್ಗುತ್ತವೆ, ಯಾವುದರಿಂದ ಸುಮ್ಮನೆ ದಾರಿ ಹಿಡಿಯುತ್ತವೆ ಎಂದು ತಿಳಿಯಬೇಕಾದರೆ ಲದ್ದಿಯ ಅಂಕಿಯನ್ನೂ ನಿಮ್ಮ ನೋಟ್‌ಬುಕ್ಕನ್ನೂ ಜೊತೆಗಿಟ್ಟು ಓದಬೇಕು. ಒಂದು ಬೆಳೆಯ ಹಂಗಾಮು ಬರೆದಾದ ಮೇಲೆ ಅದರ ಜೆರಾಕ್ಸ್ ಪ್ರತಿಯೊಂದನ್ನು ನಮಗೂ ಕಳಿಸಿ, ಪ್ರಕಟಿಸುತ್ತೇವೆ.

— ಸಂಪಾದಕ